ಭಾವನ ಸಾರಿನ ಡಬ್ಬ

ಭಾನುವಾರ ಬೆಳಿಗ್ಗೆ ನಾವಿನ್ನೂ ಕಾಫಿ ಕುಡಿಯುತ್ತಿರುವಾಗಲೇ ಪಶುಪತಿ ಭಾವ ಬಂದರು. ಬಗಲಲ್ಲಿದ್ದ ಸ್ಟೀಲ್ ಡಬ್ಬವನ್ನು ನಮ್ಮ ಟಿವಿಯ ಪಕ್ಕದಲ್ಲಿಟ್ಟು, ಕೇಬಲ್ ತಂತಿಯನ್ನು ಟಿವಿಯಿಂದ ಕಿತ್ತು ಡಬ್ಬಕ್ಕೆ ಸಿಕ್ಕಿಸಿ, ಡಬ್ಬದಿಂದ ಇನ್ನೊಂದು ತಂತಿಯನ್ನು ಟಿವಿಗೆ ಎಳೆದರು. ಆಮೇಲೆ ಸೋಫಾದ ಮೇಲೆ ಕೂತು, ಪಂಚೆ ಸರಿಮಾಡಿಕೊಂಡು, ಇನ್ನು ಮೇಲೆ ಈ ಮನೆಯಲ್ಲಿ ಯಾರಿಗೂ ಟಿವಿ ನೋಡುವ ಕಷ್ಟ ಇರುವುದಿಲ್ಲ ಎಂದು ಘೋಷಿಸಿದರು.

ಭಾವ ಎಂದರೆ ನನ್ನ ಹೆಂಡತಿ ವಿಶಾಲಾಕ್ಷಿಯ ಅಣ್ಣ. ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ನಿವೃತ್ತರಾದ ಮೇಲೆ ಅವರ ತಲೆ ಸುಮ್ಮನೆ ಕೂರಲಿಲ್ಲ. ಮೋಡ ಕಂಡರೆ ತಾನೇ ಬಿಚ್ಚಿಕೊಳ್ಳುವ ಕೊಡೆ ಮಾಡಿದರು. ಅದು ತುಂಬಿದ ಬಸ್ಸಿನೊಳಗೆ ಬಿಚ್ಚಿಕೊಂಡಿತು. ಹಾಲು ಉಕ್ಕುವ ಮೊದಲೇ ಕೂಗಿ ಎಚ್ಚರಿಸುವ ಚಮಚ ಮಾಡಿದರು. ಅದು ತಣ್ಣನೆಯ ಮೊಸರನ್ನು ಕಂಡರೂ ಕೂಗಿತು. ಆದರೂ ಅರಸೀಕೆರೆಯಲ್ಲಿ ಅವರಷ್ಟು ಬುದ್ಧಿವಂತರು ಇನ್ನೊಬ್ಬರಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಅಭಿಪ್ರಾಯಗಳೆಲ್ಲ ಖಚಿತವಾಗಿಯೇ ಇರುತ್ತವೆ.

ಡಬ್ಬದ ಮೇಲೆ ಕೆಂಪು ಬಣ್ಣದಲ್ಲಿ ‘ಸಾರಗ್ರಾಹಿ’ ಎಂದು ಬರೆದಿತ್ತು. ವಿಶಾಲು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಅಣ್ಣಾ, ಇದು ಅಮ್ಮನ ಸಾರಿನ ಪುಡಿ ಡಬ್ಬ ಅಲ್ವಾ?”

“ಒಳಗಿರೋದು ನೋಡು. ಡಬ್ಬ ಯಾವುದಾದ್ರೇನು?” ಎಂದರು ಭಾವ.

ಒಳಗಿದ್ದದ್ದನ್ನು ಅವರು ವಿವರಿಸಿದ್ದು ಹೀಗೆ: ಇಡೀ ವೃತ್ತಿಜೀವನ ಅವರು ಜನರ ಮಾತು ಹರಿಯುವ ತಂತಿಗಳ ನಡುವೆ ಕಳೆದವರು. ಮನುಷ್ಯ ತನಗೆ ನಿಜವಾಗಿ ಗೊತ್ತಿರುವುದನ್ನು ಹೇಳುವಾಗ ಗಂಟಲು ಒಂದು ರೀತಿ ಕಂಪಿಸುತ್ತದೆ, ಗೊತ್ತಿಲ್ಲದ್ದನ್ನು ಹೇಳುವಾಗ ಇನ್ನೊಂದು ರೀತಿ. ನಮ್ಮ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಈ ಯಂತ್ರಕ್ಕೆ ತಿಳಿಯುತ್ತದೆ. ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಕೆಳಗಿಳಿದು ಚರಟ ಮೇಲೆ ಉಳಿಯುವ ಹಾಗೆ, ಗೊತ್ತಿರುವ ಮಾತು ಮಾತ್ರ ಟಿವಿಗೆ ಇಳಿಯುತ್ತದೆ. ಚರಟ ಎಲ್ಲಿಗೆ ಹೋಗುತ್ತದೆ ಎಂದು ವಿಶಾಲು ಕೇಳಿದಳು. ಅದು ಮುಖ್ಯವಲ್ಲ ಎಂದರು ಭಾವ.

ಆಗ ಒಂದು ಸುದ್ದಿವಾಹಿನಿಯಲ್ಲಿ ಚಿತ್ರನಟಿ ಮೋಹಿತಾ ಬಗ್ಗೆ ಅರ್ಧ ಗಂಟೆಯ ವಿಶೇಷ ಕಾರ್ಯಕ್ರಮ ಶುರುವಾಗುವುದರಲ್ಲಿತ್ತು. ಅವಳು ನಾಯಕನಟ ಶತಾಯುವನ್ನು ಮದುವೆಯಾಗುತ್ತಾಳೋ ಇಲ್ಲವೋ ಎಂಬ ಗುಸುಗುಸು ವಾರದಿಂದ ನಾಡಿನಲ್ಲೆಲ್ಲ ಓಡಾಡುತ್ತಿತ್ತು. ಭಾವ ಡಬ್ಬದ ಗುಂಡಿ ಒತ್ತಿದರು. ಟಿವಿ ಕಪ್ಪಾಯಿತು. ಡಬ್ಬ ಹೊಟ್ಟೆ ಹಸಿದವರಂತೆ ಸಣ್ಣಗೆ ಗುರ್ ಎನ್ನುತ್ತಿತ್ತು. ಅರ್ಧ ಗಂಟೆ ನಾವು ಮೂವರೂ ಕಪ್ಪು ಪರದೆಯನ್ನು ನೋಡುತ್ತ ಇನ್ನೊಂದು ಸುತ್ತು ಕಾಫಿ ಕುಡಿದೆವು. ಕೊನೆಗೆ ಪರದೆ ಬೆಳಗಿ, ನಿರೂಪಕಿ ತನ್ನದೇ ಮುಖದಲ್ಲಿ ತನ್ನದೇ ದನಿಯಲ್ಲಿ, “ಮೋಹಿತಾ ನಮ್ಮ ಫೋನ್ ಎತ್ತಿಲ್ಲ” ಎಂದು ಹೇಳಿ ಮಾಯವಾದಳು.

ಅಷ್ಟೇ. ಇಡೀ ಅರ್ಧ ಗಂಟೆಯಲ್ಲಿ ಆಕೆಗೆ ಗೊತ್ತಿದ್ದದ್ದು ಅಷ್ಟೇ.

ಮಧ್ಯಾಹ್ನ ವಿದೇಶದ ಒಂದು ಕಂಪನಿ ಹೊಸ ಫೋನನ್ನು ಬಿಡುಗಡೆ ಮಾಡುವ ಎರಡು ಗಂಟೆಯ ಸಮಾರಂಭವಿತ್ತು. ಅದನ್ನೂ ಡಬ್ಬಕ್ಕೆ ಹಾಕಿದೆವು. ವೇದಿಕೆಯ ಮೇಲಿದ್ದ ಬೋಳುತಲೆಯ ಮನುಷ್ಯ, ಇನ್ನೊಂದು ಕ್ಯಾಮೆರಾ ಸೇರಿಸಿದ್ದೇವೆ, ಬೆಲೆ ಹೆಚ್ಚಿಸಿದ್ದೇವೆ ಎಂದ. ಸಭಾಂಗಣ ತುಂಬಿದ ಚಪ್ಪಾಳೆಯಲ್ಲಿ ಒಂದೇ ಒಂದು ಚಪ್ಪಾಳೆ ನಮ್ಮವರೆಗೆ ಬಂತು. ಯಾರೋ ಒಬ್ಬನಿಗೆ ನಿಜವಾಗಿ ಸಂತೋಷವಾಗಿತ್ತು.

ಈ ಯಂತ್ರ ದೇಶವನ್ನೇ ಬದಲಾಯಿಸುತ್ತದೆ ಎಂದು ನಾನು ಅಲ್ಲೇ ತೀರ್ಮಾನಿಸಿದೆ. ನನ್ನ ತೀರ್ಮಾನಕ್ಕೆ ಊರಿನಲ್ಲಿ ಬೆಲೆಯಿದೆ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ನನ್ನ ಮೊಬೈಲ್ ಅಂಗಡಿಯಿದೆ. ಅದಕ್ಕಿಂತ ಹೆಚ್ಚಾಗಿ, ಸ್ಥಳೀಯ ಕೇಬಲ್ ವಾಹಿನಿಯಲ್ಲಿ ಪ್ರತಿ ಭಾನುವಾರ ಸಂಜೆ ‘ಯೋಗಾನಂದ ಏನಂತಾರೆ?’ ಎಂಬ ಕಾರ್ಯಕ್ರಮ ಬರುತ್ತದೆ. ಯೋಗಾನಂದ ಎಂದರೆ ನಾನು. ಮೊದಲರ್ಧ ಹೊಸ ಫೋನು, ಟಿವಿ, ಕೈಗಡಿಯಾರಗಳ ಬಗ್ಗೆ. ಉಳಿದರ್ಧ ಸಿನಿಮಾದವರ ಬಗ್ಗೆ. ನಾನು ಚೆನ್ನಾಗಿದೆ ಅಂದ ಫೋನು ಮರುದಿನ ಅಂಗಡಿಯಲ್ಲಿ ಉಳಿಯುವುದಿಲ್ಲ. ನಾನು ಮುರಿದುಬೀಳುತ್ತದೆ ಅಂದ ಮದುವೆ ಸಾಮಾನ್ಯವಾಗಿ ಮುರಿದುಬಿದ್ದೇ ಬೀಳುತ್ತದೆ.

ಆ ವಾಹಿನಿಯ ಮಾಲೀಕರು ಮರುಳಸಿದ್ದಪ್ಪ. ನಮ್ಮೂರಿನ ಮನೆಗಳಿಗೆ ಟಿವಿ ಬರುವುದೂ ಇಂಟರ್ನೆಟ್ ಬರುವುದೂ ಅವರ ಒಂದೇ ತಂತಿಯಲ್ಲಿ. ನಾನು ಭಾವನನ್ನೂ ಡಬ್ಬವನ್ನೂ ಅವರ ಕಚೇರಿಗೆ ಕರೆದುಕೊಂಡು ಹೋದೆ. ಮರುಳಸಿದ್ದಪ್ಪ ಪ್ರಾತ್ಯಕ್ಷಿಕೆ ನೋಡಿ ತುಂಬ ಹೊತ್ತು ಯೋಚಿಸಿದರು. ಎಲ್ಲ ಕಾರ್ಯಕ್ರಮಗಳೂ ಹೀಗೆ ಚಿಕ್ಕದಾದರೆ ಉಳಿದ ಹೊತ್ತಿಗೆಲ್ಲ ಊರಿನ ಅಂಗಡಿಗಳ ಜಾಹೀರಾತು ತುಂಬಬಹುದು ಎಂಬುದು ಅವರಿಗೆ ಹೊಳೆಯಿತು. ಡಬ್ಬವನ್ನು ನಮ್ಮ ಮನೆಯ ಟಿವಿಗಲ್ಲ, ತಮ್ಮ ಕಚೇರಿಯಲ್ಲಿ ಇಡೀ ಊರಿಗೆ ಹೋಗುವ ಮೂಲ ತಂತಿಗೇ ಸಿಕ್ಕಿಸಬೇಕು ಎಂದರು.

ಭಾವ ಸ್ವಲ್ಪ ಹಿಂಜರಿದರು. ಒಂದು ಮನೆಯ ತಂತಿಗೆಂದು ಮಾಡಿದ್ದು, ಅಷ್ಟು ಮಾತನ್ನು ಅದು ತಡೆದೀತೇ ಎಂದು ಅವರಿಗೆ ಅನುಮಾನ. ತಡೆಯುತ್ತದೆ ಎಂದು ನಾನೇ ಧೈರ್ಯ ಹೇಳಿದೆ. ಭಾವ ಮನೆಗೆ ಹೋಗಿ ಇನ್ನೂ ಮೂರು ತಂತಿ ಜೋಡಿಸಿಕೊಂಡು ಬಂದರು. ಸೋಮವಾರ ಬೆಳಿಗ್ಗೆ ಸಾರಗ್ರಾಹಿಯನ್ನು ಕೇಬಲ್ ಕಚೇರಿಯ ಕಪಾಟಿನಲ್ಲಿಟ್ಟು ಒಂದು ಹಾರ ಹಾಕಿದೆವು.

ಮೊದಲ ಎರಡು ದಿನ ಊರಿಗೆ ಊರೇ ಭಾವನನ್ನು ಹೊಗಳಿತು. ಸಂಜೆಯ ಧಾರಾವಾಹಿ “ಅತ್ತೆಗೆ ಸಂಶಯ ಬಂದಿದೆ” ಎಂಬ ಒಂದು ಮಾತಿನಲ್ಲಿ ಮುಗಿದು, ಮನೆಗಳಲ್ಲಿ ಹೊತ್ತಿಗೆ ಸರಿಯಾಗಿ ಅಡುಗೆಯಾಗುತ್ತಿತ್ತು. ದಿನವಿಡೀ ಅರಚುವ ಸುದ್ದಿವಾಹಿನಿಗಳು ಒಂದು ಲೋಟ ಕಾಫಿ ಆರುವುದರೊಳಗೆ ಹೇಳುವುದನ್ನೆಲ್ಲ ಹೇಳಿ ಸುಮ್ಮನಾಗುತ್ತಿದ್ದವು. ರಸ್ತೆಯಲ್ಲಿ ಕಂಡವರೆಲ್ಲ, ಸಾರಿನ ಡಬ್ಬದ ಭಾವ ಹೇಗಿದ್ದಾರೆ ಎಂದು ನನ್ನನ್ನು ಕೇಳುತ್ತಿದ್ದರು. ಹೆಸರು ಅದಾಗಲೇ ಊರಿನ ಬಾಯಲ್ಲಿ ಬದಲಾಗಿಹೋಗಿತ್ತು. ಭಾವನಿಗೆ ಅದೊಂದೇ ಬೇಸರ.

ಮೂರನೆಯ ದಿನ ಜಾಹೀರಾತುಗಳು ಶುರುವಾದವು. ಅವೂ ಅದೇ ತಂತಿಯಲ್ಲಿ ಹೋಗಬೇಕಲ್ಲ. ಸೀರೆ ಅಂಗಡಿಯವರು ಹಾಡು, ಕುಣಿತ ಎಲ್ಲ ಸೇರಿಸಿ ಮಾಡಿಸಿದ್ದ ಜಾಹೀರಾತಿನಲ್ಲಿ ಒಬ್ಬ ಹೆಂಗಸು ಬಂದು “ನಮ್ಮಲ್ಲಿ ಸೀರೆ ಇದೆ” ಎಂದು ಹೇಳಿ ಹೋದಳು. ಎಣ್ಣೆ ಗಾಣದವರ ಜಾಹೀರಾತಿನಲ್ಲಿ “ಎಣ್ಣೆ” ಎಂಬ ಒಂದೇ ಶಬ್ದ ಉಳಿಯಿತು. ಮೊಣಕಾಲು ನೋವಿನ ತೈಲದ ಜಾಹೀರಾತು ಬರಲೇ ಇಲ್ಲ. ಮೂವರೂ ಒಟ್ಟಿಗೆ ಮರುಳಸಿದ್ದಪ್ಪನವರ ಕಚೇರಿಗೆ ಬಂದು ಮೇಜು ಗುದ್ದಿದರು. ಆದರೆ ಅದೆಲ್ಲ ಅವರ ತೊಂದರೆ. ನನ್ನ ತೊಂದರೆ ಭಾನುವಾರ ಬಂತು.

ಆ ವಾರ ನನ್ನ ಕಾರ್ಯಕ್ರಮದಲ್ಲಿ ಪುಸ್ತಕದಂತೆ ಮಡಚುವ ಹೊಸ ಫೋನಿನ ಬಗ್ಗೆ ಮಾತಾಡಿದ್ದೆ. ಬಹಳ ಚೆನ್ನಾಗಿ ಮಾತಾಡಿದ್ದೆ. ಮೋಹಿತಾಳ ಮದುವೆಯ ದಿನಾಂಕವನ್ನೂ ಹೆಚ್ಚುಕಡಿಮೆ ಹೇಳಿಬಿಟ್ಟಿದ್ದೆ. ಸಂಜೆ ವಿಶಾಲು, ಭಾವ, ಪಕ್ಕದ ಮನೆಯವರು ಎಲ್ಲ ಟಿವಿಯ ಮುಂದೆ ಕೂತಿದ್ದರು. ಕಪ್ಪು ಪರದೆ ಬಹಳ ಹೊತ್ತು ಇತ್ತು. ಆಮೇಲೆ ನಾನು ನೀಲಿ ಅಂಗಿಯಲ್ಲಿ ಕಾಣಿಸಿಕೊಂಡು, “ನಮಸ್ಕಾರ. ನಾನು ಯೋಗಾನಂದ. ಆ ಫೋನನ್ನ ನಾನು ನೋಡಿಲ್ಲ. ನಮಸ್ಕಾರ” ಎಂದೆ.

ಇದರಲ್ಲಿ ಯಂತ್ರದ ಮೋಸವೇನೂ ಇರಲಿಲ್ಲ. ‘ಆ ಫೋನನ್ನ ನಾನು ನೋಡಿಲ್ಲ, ಆದರೂ ಧೈರ್ಯವಾಗಿ ಹೇಳಬಲ್ಲೆ’ ಎಂದು ನಾನು ನಡುವೆ ಎಲ್ಲೋ ಹೇಳಿದ್ದು ನಿಜ. ಧೈರ್ಯವಾಗಿ ಹೇಳಿದ್ದೆಲ್ಲ ಡಬ್ಬದಲ್ಲೇ ಉಳಿದಿತ್ತು. ಪಕ್ಕದ ಮನೆಯವರು ಎದ್ದು ಹೋದರು. ವಿಶಾಲು ಅಂಗಿಯ ಬಣ್ಣ ನನಗೆ ಒಪ್ಪುತ್ತದೆ ಎಂದಳು. ಇಂಥ ಹೊತ್ತಿನಲ್ಲಿ ಹೆಂಡತಿ ಹೇಳಬಹುದಾದ ಅತ್ಯಂತ ದಯೆಯ ಮಾತು ಅದೇ ಇರಬೇಕು.

ಮರುದಿನ ಅಂಗಡಿಗೆ ಬಂದ ಮೊದಲ ಗಿರಾಕಿ ಹೈಸ್ಕೂಲಿನ ಮೇಡಂ. ಕೈಯಲ್ಲಿದ್ದ ಫೋನನ್ನು ಕೌಂಟರ್ ಮೇಲಿಟ್ಟು, “ನೀವು ಹೇಳಿದ್ರಿ ಅಂತ ಹೋದ ತಿಂಗಳು ತಗೊಂಡೆ ಸಾರ್. ಇದನ್ನಾದ್ರೂ ನೋಡಿದ್ರಾ?” ಎಂದು ಕೇಳಿದರು. ವ್ಯಂಗ್ಯವೇನೂ ಇರಲಿಲ್ಲ, ನಿಜವಾಗಿಯೇ ತಿಳಿದುಕೊಳ್ಳಬೇಕೆಂದು ಕೇಳಿದರು. ಅದೇ ಹೆಚ್ಚು ನೋವಾಯಿತು.

ಅಂಗಡಿ ಮುಚ್ಚಿ ನೇರ ಭಾವನ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಯಾವುದೋ ತಂತಿಯ ತುದಿ ಹೆರೆಯುತ್ತಿದ್ದರು. ಡಬ್ಬವನ್ನು ಈಗಿಂದೀಗಲೇ ತೆಗೆಯಬೇಕು, ಊರಿನಲ್ಲಿ ನನ್ನ ಮಾನ ಹೋಯಿತು ಎಂದೆ.

“ಯಂತ್ರ ಏನಾದ್ರೂ ಸುಳ್ಳು ಹೇಳ್ತಾ?”

“ಹೇಳಲಿಲ್ಲ.”

“ಆ ಫೋನ್ ನೀವು ನೋಡಿದ್ರಾ?”

“ನೋಡಿಲ್ಲ ಭಾವ.”

“ಮತ್ತೆ ಯೋಗಾನಂದ, ನಿಮ್ಮ ದೂರು ಯಾರ ಮೇಲೆ?”

ಹೊಸ ಫೋನಿನ ಬಗ್ಗೆ ಮಾತಾಡಲು ಅದನ್ನು ನೋಡಿರಲೇಬೇಕೆಂಬ ನಿಯಮವಿದ್ದರೆ ದೇಶದಲ್ಲಿ ಅರ್ಧ ಜನ ಮೂಕರಾಗಬೇಕಾಗುತ್ತದೆ ಎಂದೆ. ಅದೇ ತಮ್ಮ ಉದ್ದೇಶ ಎಂದರು ಭಾವ. ಅವರು ಇಷ್ಟು ಸಂತೋಷದಲ್ಲಿದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಒಂದು ಯಂತ್ರ ಅವರು ಹೇಳಿದಂತೆಯೇ ಕೆಲಸ ಮಾಡುತ್ತಿತ್ತು.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಕತೆ ನಡೆಯುತ್ತಿತ್ತು. ವಿಶಾಲುವಿನ ಅಕ್ಕ ಕಾಮಾಕ್ಷಿ ಶಿವಮೊಗ್ಗದಲ್ಲಿದ್ದಾರೆ. ಅಕ್ಕತಂಗಿಯರು ಪ್ರತಿದಿನ ಮಧ್ಯಾಹ್ನ ಊಟವಾದ ಮೇಲೆ ವಿಡಿಯೊ ಕರೆಯಲ್ಲಿ ಒಂದು ಗಂಟೆ ಮಾತಾಡುವುದು ಬಹಳ ವರ್ಷಗಳ ರೂಢಿ. ಕಾಮಾಕ್ಷಿ ಅತ್ತಿಗೆಯ ಎದುರುಮನೆಯ ಸೊಸೆ ತವರಿಗೆ ಹೋದವಳು ಯಾಕೆ ಇನ್ನೂ ಬಂದಿಲ್ಲ, ಅವಳ ಅತ್ತೆ ಏನು ಅಂದಿರಬಹುದು, ಅದಕ್ಕೆ ಅವಳ ತಾಯಿ ಏನು ಅಂದಿರಬಹುದು ಎಂದು ಇಬ್ಬರೂ ಕೂಡಿ ಯೋಚಿಸುತ್ತಿದ್ದರು. ಆ ಕರೆಯೂ ಮರುಳಸಿದ್ದಪ್ಪನವರ ತಂತಿಯಲ್ಲೇ ಹೋಗಬೇಕು ಎಂಬುದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ವಿಶಾಲು ಮಾತಾಡುತ್ತಿದ್ದಳು, ಆ ಕಡೆ ಅಕ್ಕ ಬಾಯಿ ತೆರೆದು ಹಾಗೇ ನಿಂತುಬಿಡುತ್ತಿದ್ದರು. ಬಹಳ ಹೊತ್ತಾದ ಮೇಲೆ “ಊಟ ಆಯ್ತು” ಎಂದಷ್ಟೇ ಕೇಳಿಸಿ ಕರೆ ಕಡಿದುಹೋಗುತ್ತಿತ್ತು. ಮರುದಿನವೂ “ಊಟ ಆಯ್ತು.” ಅದರ ಮರುದಿನ “ಬಟ್ಟೆ ಒಗೆದೆ.” ಅಕ್ಕನಿಗೆ ತನ್ನ ಮೇಲೆ ಏನೋ ಕೋಪ ಬಂದಿದೆ ಎಂದು ವಿಶಾಲು ಲೆಕ್ಕ ಹಾಕಿದಳು. ಯಾವ ಹಬ್ಬಕ್ಕೆ ಏನು ಕೊಡಲು ಮರೆತೆ, ಯಾರ ಮುಂದೆ ಏನು ಆಡಿಬಿಟ್ಟೆ ಎಂದು ಹುಡುಕಿ ಹುಡುಕಿ ಊಟ ಬಿಟ್ಟಳು. ನನಗೆ ನನ್ನ ಮಾನದ ಚಿಂತೆಯಲ್ಲಿ ಇದು ಕಾಣಲೇ ಇಲ್ಲ.

ಬುಧವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಕಾಮಾಕ್ಷಿ ಅತ್ತಿಗೆ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಉಪ್ಪಿನಕಾಯಿ ಬಾಟಲಿ ಹಿಡಿದು ನಿಂತಿದ್ದರು. ಮೊದಲ ರೈಲು ಹತ್ತಿ ಬಂದಿದ್ದರು. ಒಳಗೆ ಬರಲಿಲ್ಲ, ಹೊಸಿಲಾಚೆಯಿಂದಲೇ ಕೇಳಿದರು.

“ಏನೇ ವಿಶಾಲು, ನಾನೇನು ತಪ್ಪು ಮಾಡಿದೆ ಅಂತ ದಿನಾ ಎರಡೇ ಮಾತಲ್ಲಿ ಮುಗಿಸ್ತಿದ್ದೀಯ? ನಾನು ಅಷ್ಟೊತ್ತು ಮಾತಾಡಿದ್ರೆ ನೀನು ‘ಹುಳಿ ಮಾಡಿದ್ದೆ’ ಅಂತೀಯ.”

“ನಾನಾ? ನೀನಲ್ವೇನೇ ಅಕ್ಕ ಊಟ ಆಯ್ತು ಅಂತ ಇಟ್ಟುಬಿಡೋದು?”

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಆಮೇಲೆ ಅಡುಗೆಮನೆಯಲ್ಲಿ ಕೂತು, ಬಾಕಿಯಿದ್ದ ಮಾತನ್ನೆಲ್ಲ ದೀಪ ಹಚ್ಚುವವರೆಗೆ ಆಡಿದರು. ಮಧ್ಯಾಹ್ನದ ಅನ್ನ ನಾನೇ ಬಡಿಸಿಕೊಂಡೆ. ಅವರಿಗೂ ಬಡಿಸಿದೆ. ಎದುರುಮನೆಯ ಸೊಸೆ ಇನ್ನೂ ಬಂದಿಲ್ಲ ಎಂಬುದು ನನಗೂ ತಿಳಿಯಿತು.

ಆ ರೈಲಿನಲ್ಲಿ ಬಂದವರು ಅತ್ತಿಗೆ ಒಬ್ಬರೇ ಅಲ್ಲ. ಕಡೂರಿನ ಒಬ್ಬ ತಾಯಿಗೆ ಅರಸೀಕೆರೆಯ ಮಗಳು ವಾರದಿಂದ “ಇದ್ದೀನಿ” ಎಂದು ಮಾತ್ರ ಹೇಳುತ್ತಿದ್ದಳಂತೆ. ತರೀಕೆರೆಯ ಮಾವನಿಗೆ ಅಳಿಯ “ಇಲ್ಲ” ಎಂದಿದ್ದನಂತೆ. ಏನು ಇಲ್ಲ ಎಂದು ಗೊತ್ತಾಗದೆ ಅವರು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಗುರುವಾರದ ಹೊತ್ತಿಗೆ ಪ್ರತಿ ರೈಲಿನಿಂದಲೂ ನೆಂಟರು ಇಳಿಯುತ್ತಿದ್ದರು. ಒಂದೊಂದು ಮನೆಯಲ್ಲೂ ಮದುವೆಯಷ್ಟು ಜನ. ಅಂಗಡಿಗಳಲ್ಲಿ ಕಾಫಿಪುಡಿ ಮುಗಿಯಿತು, ಚಾಪೆ ಮುಗಿಯಿತು, ಬಾಡಿಗೆ ಹಾಸಿಗೆಗಳೂ ಮುಗಿದವು. ಇಷ್ಟು ಜನ ಒಂದೇ ಊರಿಗೆ ಹೋಗುತ್ತಿದ್ದಾರೆಂದರೆ ಅಲ್ಲೇನೋ ಆಗಿದೆ ಎಂದು ಹೊರಗಿನವರು ಮಾತಾಡಿಕೊಂಡು, ಬೆಂಗಳೂರಿನಿಂದ ಒಂದು ಸುದ್ದಿವಾಹಿನಿಯ ವ್ಯಾನೂ ಬಂತು. ಅದರ ವರದಿಗಾರ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೈ ಬೀಸಿ ಬೀಸಿ ಮಾತಾಡಿದ್ದನ್ನು ನಾವೇ ಕಣ್ಣಾರೆ ಕಂಡೆವು. ಮನೆಗೆ ಬಂದು ಟಿವಿ ಹಾಕಿದರೆ ಅವನು, “ನನಗೇನೂ ಗೊತ್ತಿಲ್ಲ. ಇಲ್ಲಿ ಬಿಸಿಲಿದೆ” ಎಂದ.

ಈ ಗದ್ದಲದ ನಡುವೆ ನಾನು ಒಂದು ಕೆಲಸ ಮಾಡಿದೆ. ಕಾಮಾಕ್ಷಿ ಅತ್ತಿಗೆಯ ಹತ್ತಿರ ಒಂದು ಫೋನಿತ್ತು. ಅವರ ಸೊಸೆ ಕೊಡಿಸಿದ್ದು. ಅತ್ತಿಗೆ ಅದನ್ನು ಎಲೆಅಡಿಕೆ ಚೀಲದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇಕಾದಾಗ ತೆಗೆದು ಪಟ್ಟನೆ ಬಿಚ್ಚಿ ಪಟ್ಟನೆ ಮಡಚುತ್ತಿದ್ದರು. ನಾನು ನೋಡದೆಯೇ ಹೊಗಳಿದ ಫೋನು ಅದೇ. ಅದನ್ನು ಒಂದು ದಿನಕ್ಕೆ ಕೇಳಿ ಪಡೆದೆ. ಬಿಚ್ಚಿದೆ, ಮಡಚಿದೆ, ಬಿಸಿಲಿನಲ್ಲಿ ಹಿಡಿದೆ, ಜೇಬಿನಲ್ಲಿಟ್ಟು ಸೈಕಲ್ ತುಳಿದೆ. ಮಡಿಕೆಯ ಸಂದಿಯಲ್ಲಿ ಅವಲಕ್ಕಿಯ ಚೂರು ಸಿಕ್ಕಿಕೊಂಡರೆ ಸುಲಭವಾಗಿ ಬರುವುದಿಲ್ಲ ಎಂಬುದು ತಿಳಿಯಿತು. ಕಪ್ಪು ಹಿನ್ನೆಲೆಯಲ್ಲಿ ಮಡಿಕೆ ಕಾಣುತ್ತದೆ, ಬಿಳಿಯಲ್ಲಿ ಕಾಣುವುದಿಲ್ಲ. ಸಂಜೆಯ ಹೊತ್ತಿಗೆ ಬ್ಯಾಟರಿ ಮುಗಿಯಿತು. ಕೇಬಲ್ ಕಚೇರಿಯ ಪಕ್ಕದ ಸ್ಟುಡಿಯೊಗೆ ಹೋಗಿ, ಇಷ್ಟನ್ನೇ, ನನಗೆ ಗೊತ್ತಿದ್ದಷ್ಟನ್ನೇ ಮಾತಾಡಿ ರೆಕಾರ್ಡ್ ಮಾಡಿಸಿ, ಆಗಲೇ ಪ್ರಸಾರ ಮಾಡಬೇಕೆಂದು ಮರುಳಸಿದ್ದಪ್ಪನವರ ಹತ್ತಿರ ಹಟ ಹಿಡಿದೆ.

ಡಬ್ಬ ಅದರಲ್ಲಿ ಒಂದು ಮಾತನ್ನೂ ತಿನ್ನಲಿಲ್ಲ. ಕಪ್ಪು ಪರದೆಯೇ ಬರಲಿಲ್ಲ. ಮೊದಲಿನಿಂದ ಕೊನೆಯವರೆಗೆ ನಾನು ಪರದೆಯ ಮೇಲೆ ಇದ್ದೆ. ಟಿವಿಯ ಮುಂದೆ ಕೂತಿದ್ದ ನನಗೆ ಕಣ್ಣು ತೇವವಾಯಿತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಪ್ರಸಾರ ಮುಗಿದ ಮೇಲೆ ಮರುಳಸಿದ್ದಪ್ಪ ವಿಡಿಯೊ ಕರೆ ಮಾಡಿ, “ಚಿಕ್ಕದಾಯ್ತು” ಎಂದರು. ಪೂರ್ತಿ ಏನು ಹೇಳಿದ್ದರೋ ಡಬ್ಬಕ್ಕೇ ಗೊತ್ತು.

ಶುಕ್ರವಾರ ಬೆಳಿಗ್ಗೆ ಭಾವ ನಮ್ಮ ಮನೆಗೆ ಬಂದಾಗ ಅಕ್ಕತಂಗಿಯರಿಬ್ಬರೂ ಕಾದು ಕೂತಿದ್ದರು. ನೆಂಟರ ಪ್ರವಾಹದ ಕಾರಣ ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ವಿಶಾಲು ಅಣ್ಣನಿಗೆ ಕಾಫಿ ಕೊಟ್ಟಳು, ಅದು ಪಕ್ಕದ ಮನೆಯಿಂದ ಸಾಲ ತಂದ ಪುಡಿ.

“ಅಣ್ಣಾ, ಇವತ್ತು ಅದನ್ನ ಕಿತ್ತು ಹಾಕು. ಇಲ್ಲದಿದ್ರೆ ನಾನೂ ಅಕ್ಕನೂ ನಿನ್ನ ಜೊತೆ ಎರಡೇ ಮಾತಾಡೋದು.”

ಭಾವ ಲೋಟವನ್ನು ಕೆಳಗಿಟ್ಟರು. ಅವರ ಮುಖ ನೋಡಲಾಗಲಿಲ್ಲ.

“ಗೊತ್ತಿಲ್ಲದ ಮಾತು ಹೋದ್ರೆ ನಿಮಗೇನಮ್ಮ ನಷ್ಟ?” ಎಂದು ಕೇಳಿದರು. ಜಗಳಕ್ಕಲ್ಲ, ತಿಳಿಯದೆ ಕೇಳಿದರು.

“ಗೊತ್ತಿರೋದು ನಮ್ಮಿಬ್ರಿಗೂ ಗೊತ್ತೇ ಇರುತ್ತಲ್ಲ ಅಣ್ಣ. ಅದನ್ನ ಮತ್ತೆ ಏನಂತ ಮಾತಾಡೋದು?”

ಇಷ್ಟು ವರ್ಷ ತಂತಿಗಳ ನಡುವೆ ಇದ್ದೂ ಈ ವಿಷಯ ಭಾವನ ಲೆಕ್ಕಕ್ಕೆ ಬಂದಿರಲಿಲ್ಲವೆಂದು ಕಾಣುತ್ತದೆ. ಅವರು ಎದ್ದು, “ಬನ್ನಿ ಯೋಗಾನಂದ” ಎಂದು ನನ್ನನ್ನು ಕರೆದುಕೊಂಡು ಕೇಬಲ್ ಕಚೇರಿಗೆ ಹೊರಟರು.

ಅಲ್ಲಿ ಮರುಳಸಿದ್ದಪ್ಪ ಬಾಗಿಲಲ್ಲೇ ನಿಂತಿದ್ದರು. ಡಬ್ಬ ಕಪಾಟಿನಲ್ಲಿ ಇರಲಿಲ್ಲ. ಮಂಗಳವಾರ ಕಪಾಟಿನ ಹಲಗೆ ಮುರಿದು ಮೇಜಿನ ಮೇಲೆ ಬಿತ್ತಂತೆ. ಗುರುವಾರ ಮೇಜಿನ ಕಾಲು ಮುರಿದು ನೆಲಕ್ಕೆ ಬಿತ್ತಂತೆ. ಈಗ ನೆಲದ ಟೈಲ್ಸ್ ಒಡೆದುಕೊಂಡು ಅಂಗೈಯಷ್ಟು ಆಳ ಇಳಿದು ಕೂತಿತ್ತು. ನಾನೂ ಭಾವನೂ ಹಿಡಿದು ಎಳೆದೆವು, ಅಲುಗಲಿಲ್ಲ. ಕಚೇರಿಯ ಇಬ್ಬರು ಕೆಲಸಗಾರರೂ ಸೇರಿದರು, ಅಲುಗಲಿಲ್ಲ. ಒಂದು ಸಾರಿನ ಪುಡಿ ಡಬ್ಬ.

ಭಾವ ಮೊಣಕಾಲೂರಿ ಅದಕ್ಕೆ ಕಿವಿಯಿಟ್ಟರು. ತಲೆ ಎತ್ತಿದಾಗ ದುಃಖವೆಲ್ಲ ಹೋಗಿ ಕಣ್ಣು ಹೊಳೆಯುತ್ತಿತ್ತು. ಚರಟ ಎಲ್ಲಿಗೂ ಹೋಗಿಲ್ಲ, ಊರಿನವರು ಎರಡು ವಾರ ಕೇಳಬೇಕಾಗಿದ್ದ ಗೊತ್ತಿಲ್ಲದ ಮಾತೆಲ್ಲ ಒಳಗೇ ಇದೆ, ಪೊಳ್ಳು ಮಾತಿಗೆ ಇಷ್ಟು ತೂಕವಿದೆಯೆಂದು ಜಗತ್ತಿನಲ್ಲಿ ಮೊದಲು ಕಂಡುಹಿಡಿದವರು ನಾವೇ ಎಂದರು. ಮೊದಲು ಅದನ್ನು ಆರಿಸಿ ಎಂದು ಮರುಳಸಿದ್ದಪ್ಪ ಬೇಡಿಕೊಂಡರು. ಭಾವ ಗುಂಡಿ ಒತ್ತಿದರು.

ಡಬ್ಬ ಒಂದು ದೊಡ್ಡ ತೇಗು ತೇಗಿತು. ಆಮೇಲೆ ತಡೆದಿಟ್ಟಿದ್ದ ಚರಟವನ್ನೆಲ್ಲ ತಂತಿಗೆ ಬಿಡತೊಡಗಿತು.

ಊರಿನ ಪ್ರತಿಯೊಂದು ಟಿವಿಯೂ ಒಟ್ಟಿಗೆ ಮಾತಾಡಲು ಶುರುಮಾಡಿತು. ಯಾವುದು ಯಾರ ಮಾತು ಎಂಬ ವಿವೇಚನೆ ಡಬ್ಬಕ್ಕೆ ಉಳಿದಿರಲಿಲ್ಲ. ಸುದ್ದಿ ನಿರೂಪಕಿ ಬಂದು, ಮೂಲಗಳ ಪ್ರಕಾರ ಮೋಹಿತಾ ಮುಂದಿನ ತಿಂಗಳು ತವರಿಗೆ ಹೋಗಬಹುದು, ಅವಳ ಅತ್ತೆ ಅದೇನಂದಿರಬಹುದು ಅಂತೀಯ ಎಂದು ಕಾಮಾಕ್ಷಿ ಅತ್ತಿಗೆಯ ದನಿಯಲ್ಲಿ ಕೇಳಿದಳು. ಬೋಳುತಲೆಯ ವಿದೇಶದವನು ನನ್ನ ದನಿಯಲ್ಲಿ, ಶತಾಯುವನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಮಡಚಿದರೂ ಹತ್ತು ವರ್ಷ ಬಾಳಿಕೆ ಬರುತ್ತಾನೆ ಎಂದ. ಧಾರಾವಾಹಿಯ ಅತ್ತೆ ಮೊಣಕಾಲಿನ ತೈಲ ಹಚ್ಚಿಕೊಂಡು ಮೂರೇ ದಿನದಲ್ಲಿ ಕುಣಿದಳು. ನಡುನಡುವೆ ಎರಡು ವಾರದ ಚಪ್ಪಾಳೆಯೆಲ್ಲ ಒಮ್ಮೆಲೇ ಬರುತ್ತಿತ್ತು.

ನಾನು ತಲೆಯ ಮೇಲೆ ಕೈಯಿಟ್ಟುಕೊಂಡು ಮನೆಗೆ ಓಡಿದೆ. ಜನ ರೊಚ್ಚಿಗೆದ್ದು ಟಿವಿ ಒಡೆಯುತ್ತಿರುತ್ತಾರೆ ಎಂದುಕೊಂಡಿದ್ದೆ. ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲ ಮನೆಗಳಲ್ಲೂ ಮನೆಯವರು, ನೆಂಟರು, ನೆಂಟರ ನೆಂಟರು ಟಿವಿಯ ಮುಂದೆ ಒತ್ತೊತ್ತಾಗಿ ಕೂತಿದ್ದರು. ನಮ್ಮ ಮನೆಯಲ್ಲಿ ವಿಶಾಲುವೂ ಅತ್ತಿಗೆಯೂ ನನಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದರು. ತಮ್ಮ ಮಾತು ಊರಿಗೆಲ್ಲ ಕೇಳುತ್ತಿದೆಯೆಂಬ ನಾಚಿಕೆ ಮೊದಲ ಹತ್ತು ನಿಮಿಷ ಇತ್ತಂತೆ. ಆಮೇಲೆ ಮುಂದೇನಾಗುತ್ತದೆಂದು ಅವರಿಗೇ ಕುತೂಹಲ ಹುಟ್ಟಿತಂತೆ.

ಅದು ಭಾನುವಾರ ಮಧ್ಯಾಹ್ನದವರೆಗೆ ನಿಲ್ಲಲಿಲ್ಲ. ಊರಿಗೆ ಹೊರಟಿದ್ದ ನೆಂಟರು ಟಿಕೆಟ್ ರದ್ದು ಮಾಡಿಸಿದರು. ಸುದ್ದಿವಾಹಿನಿಯ ವರದಿಗಾರ ಲಾಡ್ಜಿನ ಹಾಲ್‌ನಲ್ಲಿ ಕೂತು ತನ್ನ ವರದಿ ಬರುವುದನ್ನೇ ಕಾದ. ಕಾಮಾಕ್ಷಿ ಅತ್ತಿಗೆ ತರಕಾರಿ ತರಲು ಹೋದಾಗ, ಆ ಸೊಸೆ ಕೊನೆಗೆ ಏನಾದಳು ಎಂದು ಮೂರು ಬೀದಿಯ ಹೆಂಗಸರು ಅವರನ್ನು ಸುತ್ತುವರಿದರು. ಅವರಿಗೆ ಗೊತ್ತಿರಲಿಲ್ಲ, ಆದರೂ ಹೇಳಿ ಬಂದರು. ಚರಟ ಖಾಲಿಯಾಗುತ್ತ ಬಂದಂತೆ ಡಬ್ಬ ಹಗುರವಾಯಿತು, ಭಾನುವಾರ ಮಧ್ಯಾಹ್ನ ಭಾವ ಅದನ್ನು ಒಂದೇ ಕೈಯಲ್ಲಿ ಎತ್ತಿ ಬಗಲಿಗಿಟ್ಟುಕೊಂಡು ನಮ್ಮ ಮನೆಗೆ ತಂದರು.

ಅವರ ಹಿಂದೆಯೇ ಮರುಳಸಿದ್ದಪ್ಪ ಬಂದರು. ಸೀರೆ ಅಂಗಡಿ, ಎಣ್ಣೆ ಗಾಣ, ತೈಲದವರು ಮೂವರೂ ವರ್ಷಪೂರ್ತಿ ಜಾಹೀರಾತಿಗೆ ಒಪ್ಪಿದ್ದಾರೆ, ಜನ ಇಂಥ ಕಾರ್ಯಕ್ರಮವನ್ನು ಜನ್ಮದಲ್ಲಿ ನೋಡಿಲ್ಲ ಎನ್ನುತ್ತಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು.

“ನಂಗೆ ಸಾರ ಬೇಡ ಸಾರ್. ಚರಟ ಮಾತ್ರ ಬರೋ ಹಾಗೆ ತಿರುಗಿಸಿ ಕೊಡಿ.”

ಭಾವನಿಗೆ ಇದರಿಂದ ಅವಮಾನವಾಯಿತೋ ಹೆಮ್ಮೆಯಾಯಿತೋ ನಾನು ಹೇಳಲಾರೆ. ಬಹಳ ಹೊತ್ತು ಡಬ್ಬದ ಮುಚ್ಚಳ ತಿರುಗಿಸುತ್ತ ಕೂತಿದ್ದು, ಕೊನೆಗೆ ಎರಡು ತಂತಿಗಳನ್ನು ಅದಲುಬದಲು ಮಾಡಿದರು. ಅಷ್ಟಕ್ಕೇ ಆಯಿತಂತೆ. ಮರುಳಸಿದ್ದಪ್ಪ ನಾಳೆ ಬಂದು ಒಯ್ಯುತ್ತೇನೆಂದು ಕೈ ಮುಗಿದು ಹೊರಟ ಮೇಲೆ ಅವರು ನನ್ನ ಕಡೆ ತಿರುಗಿ, ಮುಚ್ಚುಮರೆಯಿಲ್ಲದೆ ಹೇಳಿ, ನನ್ನ ಈ ಯಂತ್ರದ ಬಗ್ಗೆ ನಿಮ್ಮ ನಿಜವಾದ ಅಭಿಪ್ರಾಯವೇನು ಎಂದು ಕೇಳಿದರು.

ಡಬ್ಬ ಆರಿದೆಯೇ ಎಂದು ಒಮ್ಮೆ ಬಗ್ಗಿ ನೋಡಿಕೊಂಡು, ತುಂಬಾ ಚೆನ್ನಾಗಿದೆ ಭಾವ ಎಂದೆ.